ಮೊಬೈಲ್‌ಗೆ ಗಂಟೆ ಎಲ್ಲಿಂದ ಬರುತ್ತಿದೆ?

ಪ್ರಶ್ನೆ: ನಾವು ಉಡುಪಿ ಸಂತೆಕಟ್ಟೆ ಹತ್ತಿರ ಫ್ಲ್ಯಾಟಿನಲ್ಲಿದ್ದೇವೆ. ಯಜಮಾನರು ದುಬೈಯಲ್ಲಿ. ಮಗನಿಗೆ 13 ವರ್ಷ, ಎಂಟನೇ ಕ್ಲಾಸ್. ಮಗಳಿಗೆ 4. ಮಗ ಬೆಳಿಗ್ಗೆ 7.45ಕ್ಕೆ ಶಾಲೆ ಬಸ್ ಹತ್ತಿದರೆ ಮನೆಗೆ ಬರುವುದು ಸಂಜೆ 4.45ಕ್ಕೆ. 5.30ರಿಂದ 7ರವರೆಗೆ ಟ್ಯೂಷನ್. ಆಮೇಲೆ ಹೋಂವರ್ಕ್. ಊಟ ಮುಗಿಸಿ ಮೊಬೈಲ್ ಹಿಡಿದರೆ ರಾತ್ರಿ ಹನ್ನೊಂದೂವರೆ ಆಗುತ್ತದೆ, ಕೆಲವೊಮ್ಮೆ ಹನ್ನೆರಡು. ಬೆಳಿಗ್ಗೆ 6.15ಕ್ಕೆ ಎಬ್ಬಿಸುವಾಗ ದಿನಾ ಜಗಳ. ಕನ್ನಡಕದ ಪವರ್ ಒಂದೇ ವರ್ಷದಲ್ಲಿ ಮೈನಸ್ ಒಂದೂವರೆಯಿಂದ ಎರಡೂಕಾಲಕ್ಕೆ ಹೋಗಿದೆ. ಆದಿತ್ಯವಾರ ಮಾತ್ರ ಮೂರು ಗಂಟೆ ಕ್ರಿಕೆಟ್ ಆಡುತ್ತಾನೆ. ಕಳೆದ ತಿಂಗಳು ಸಿಟ್ಟು ಬಂದು ಹತ್ತು ದಿನ ಮೊಬೈಲ್ ಕಿತ್ತಿಟ್ಟೆ. ಆಟಕ್ಕೆ ಹೋಗುತ್ತಾನೆ ಅಂದುಕೊಂಡರೆ ಸೋಫಾದ ಮೇಲೆ ಸುಮ್ನೆ ಬಿದ್ದುಕೊಂಡಿದ್ದ. ಮಗಳು ಮೊಬೈಲ್ ತೋರಿಸದಿದ್ದರೆ ಅನ್ನಕ್ಕೆ ಬಾಯಿ ತೆರೆಯುವುದಿಲ್ಲ. ಮಳೆಗಾಲದಲ್ಲಂತೂ ಇಬ್ಬರನ್ನೂ ಹೊರಗೆ ಕಳಿಸುವ ಹಾಗೇ ಇಲ್ಲ. ದಿನಕ್ಕೆ ಎಷ್ಟು ಗಂಟೆ ಮೊಬೈಲ್ ಕೊಡಬಹುದು? ಆದಿತ್ಯವಾರದ ಆಟ ಸಾಕಾಗುವುದಿಲ್ಲವಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಆ ಹತ್ತು ದಿನದ ಸೋಫಾ. ಮೊಬೈಲ್ ಹೋಯಿತು, ಆಟ ಬರಲಿಲ್ಲ. ಮಕ್ಕಳ ವೈದ್ಯೆಯಾಗಿ ನಾನು ಈ ಮಾತನ್ನು ವಾರಕ್ಕೆ ಎರಡು ಮೂರು ಸಲವಾದರೂ ಕೇಳುತ್ತೇನೆ. ಅಮ್ಮಂದಿರು ಇದನ್ನು ಮಗನ ಸೋಮಾರಿತನ ಅಂತ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ.

1999ರಲ್ಲಿ ಅಮೆರಿಕದ ಸ್ಯಾನ್ ಹೋಸೆ ಊರಿನ ಎರಡು ಶಾಲೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ ಬಂತು. ಒಂದು ಶಾಲೆಯ ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಸುಮಾರು ಆರು ತಿಂಗಳು ಟಿವಿ, ವಿಡಿಯೋ ಗೇಮ್ ಕಡಿಮೆ ಮಾಡುವ ಪಾಠ ಮಾಡಿದರು. ಇನ್ನೊಂದು ಶಾಲೆಯಲ್ಲಿ ಏನೂ ಮಾಡಲಿಲ್ಲ. ಟಿವಿ ಕಡಿಮೆ ಮಾಡಿದ ಮಕ್ಕಳ ತೂಕ ಏರುವ ವೇಗ ತಗ್ಗಿತು. ಟಿವಿ ಮುಂದೆ ಕೂತು ಊಟ ಮಾಡುವುದೂ ಕಡಿಮೆಯಾಯಿತು. ಆದರೆ ಓಡಾಟ, ಆಟ ಹೇಳಿಕೊಳ್ಳುವಷ್ಟು ಹೆಚ್ಚಾಗಲಿಲ್ಲ. ಅಂದರೆ ತೆರೆ ಆರಿಸಿದ ಮಾತ್ರಕ್ಕೆ ಮಗು ಎದ್ದು ಓಡುವುದಿಲ್ಲ. ಕೂರುವುದನ್ನು ಕಡಿಮೆ ಮಾಡುವುದು ಒಂದು ಕೆಲಸ, ಆಟವನ್ನು ದಿನದೊಳಗೆ ತರುವುದು ಬೇರೆಯೇ ಕೆಲಸ. ಆಟಕ್ಕೆ ಜಾಗ ಬೇಕು, ಜೊತೆ ಬೇಕು, ಹೊತ್ತು ಬೇಕು. ನಿಮ್ಮ ಮಗನಿಗೆ ಆ ಹತ್ತು ದಿನ ಈ ಮೂರರಲ್ಲಿ ಯಾವುದೂ ಇರಲಿಲ್ಲ ಅಂತ ನನ್ನ ಊಹೆ. ಗೆಳೆಯರೆಲ್ಲ ಟ್ಯೂಷನ್ನಿಗೋ ಮನೆಗೋ ಹೋಗಿರುತ್ತಾರೆ. ಅವರನ್ನು ಕರೆಯಲು ಇದ್ದ ದಾರಿಯೂ ಮೊಬೈಲೇ, ಅದೂ ಕಪಾಟಿನಲ್ಲಿತ್ತು.

ಈಗ ಒಂದು ಹಾಳೆ ತೆಗೆದುಕೊಂಡು ಅವನ ದಿನದ ಲೆಕ್ಕ ಬರೆಯೋಣ. ಶಾಲೆ ಮತ್ತು ಬಸ್ಸಿಗೆ 9 ಗಂಟೆ. ಟ್ಯೂಷನ್ನಿಗೆ ಒಂದೂವರೆ. ಹೋಂವರ್ಕಿಗೆ ಒಂದೂವರೆ. ಸ್ನಾನ, ತಿಂಡಿ, ಊಟ, ಬ್ಯಾಗ್ ತುಂಬುವುದು ಎಲ್ಲ ಸೇರಿ 2. ಅವನ ವಯಸ್ಸಿಗೆ ನಿದ್ದೆ ಎಂಟೂವರೆ ಗಂಟೆ ಅಂತ ಇಟ್ಟುಕೊಳ್ಳಿ. ಒಟ್ಟು 22 ಗಂಟೆ 30 ನಿಮಿಷ. ಉಳಿದದ್ದು ಒಂದೂವರೆ ಗಂಟೆ. ಇದರಲ್ಲಿ ಒಂದು ಗಂಟೆ ಆಟಕ್ಕೆ ಹೋದರೆ ಮೊಬೈಲ್‌ಗೆ ಉಳಿಯುವುದು ಅರ್ಧ ಗಂಟೆ. ಆದರೆ ಅವನು ನೋಡುತ್ತಿರುವುದು ಎರಡೂವರೆ, ಮೂರು ಗಂಟೆ. ಆ ಹೆಚ್ಚಿನ ಗಂಟೆ ಆಕಾಶದಿಂದ ಬೀಳುವುದಿಲ್ಲ ಅಲ್ವಾ? ಅವನು ಅದನ್ನು ಆಟದಿಂದಲೂ ನಿದ್ದೆಯಿಂದಲೂ ತೆಗೆಯುತ್ತಿದ್ದಾನೆ. ಹನ್ನೊಂದೂವರೆಗೆ ಮಲಗಿ ಆರೂಕಾಲಕ್ಕೆ ಎದ್ದರೆ ನಿದ್ದೆ ಆರೂಮುಕ್ಕಾಲು ಗಂಟೆ ಮಾತ್ರ.

ಇದೇ ಹಾಳೆಯಲ್ಲಿ ಇನ್ನೊಂದು ವಿಷಯವೂ ಕಾಣುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಸಂಜೆಯ ಬೆಳಕಿರುವ ಹೊತ್ತು, ಅಂದರೆ 5ರಿಂದ 6.30, ಬಹುಪಾಲು ಟ್ಯೂಷನ್ನಿನ ಕೈಯಲ್ಲಿದೆ. ಆಟವನ್ನು ಮೊದಲು ತೆಗೆದದ್ದು ಮೊಬೈಲ್ ಅಲ್ಲ, ನಾವು ದೊಡ್ಡವರು. ಆ ಹೊತ್ತು ಖಾಲಿ ಇಲ್ಲದ ಹುಡುಗನಿಗೆ ರಾತ್ರಿ ಎಂಟೂವರೆಗೆ ತನ್ನದು ಅಂತ ಸಿಗುವ ಮೊದಲ ಹೊತ್ತಿನಲ್ಲಿ ಮಾಡಲು ಸಾಧ್ಯವಿರುವುದು ಮೊಬೈಲ್ ನೋಡುವುದು ಒಂದೇ. ವಾರದಲ್ಲಿ ಎರಡು ದಿನವಾದರೂ ಟ್ಯೂಷನ್ ಬಿಡಿಸಲು ಆಗುತ್ತದಾ ನೋಡಿ. ಆಗದಿದ್ದರೆ ಸಮಯವನ್ನು 6.30ರ ನಂತರಕ್ಕೆ ಸರಿಸಲು ಮೇಷ್ಟ್ರನ್ನು ಕೇಳಿ. ಎಂಟನೇ ಕ್ಲಾಸಿನಲ್ಲಿ ಇದಕ್ಕೆ ಇನ್ನೂ ಅವಕಾಶ ಇದೆ. ಎಸ್ಸೆಸ್ಸೆಲ್ಸಿ ವರ್ಷ ಬಂದ ಮೇಲೆ ಯಾರೂ ಒಪ್ಪುವುದಿಲ್ಲ.

ನೀವು ಕೇಳಿದ ಗಂಟೆಯ ಲೆಕ್ಕಕ್ಕೆ ಬರುತ್ತೇನೆ. ಭಾರತೀಯ ಮಕ್ಕಳ ವೈದ್ಯರ ಸಂಘ ಐಎಪಿ ಹೀಗೆ ಹೇಳಿದೆ: 2 ವರ್ಷದೊಳಗಿನ ಮಗುವಿಗೆ ತೆರೆ ಬೇಡವೇ ಬೇಡ, ದೂರದ ನೆಂಟರ ಜೊತೆ ಆಗಾಗ ವಿಡಿಯೋ ಕಾಲ್ ಮಾತ್ರ ಪರವಾಗಿಲ್ಲ. 2ರಿಂದ 5 ವರ್ಷಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದೂ ದೊಡ್ಡವರು ಜೊತೆಗಿದ್ದು. 5ರಿಂದ 10ಕ್ಕೆ ಎರಡು ಗಂಟೆಯ ಒಳಗೆ. 10 ದಾಟಿದವರಿಗೆ ಇಷ್ಟೇ ಗಂಟೆ ಅಂತ ಕಟ್ಟಿಹಾಕಿಲ್ಲ. ನಿದ್ದೆ, ಆಟ, ಓದು, ಮನೆಯವರ ಜೊತೆಗಿನ ಹೊತ್ತು ಇವಕ್ಕೆ ಧಕ್ಕೆ ಬರಬಾರದು ಅಂತ ಹೇಳಿದೆ. ಕೆನಡಾದವರು 2016ರಲ್ಲಿ 5ರಿಂದ 17 ವರ್ಷದವರ ಇಡೀ 24 ಗಂಟೆಯನ್ನು ಒಟ್ಟಿಗೆ ನೋಡಿ ಸಲಹೆ ಕೊಟ್ಟರು. ಅಲ್ಲಿ ಮನರಂಜನೆಯ ತೆರೆಗೆ ಎರಡು ಗಂಟೆಯ ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಈ ವಯಸ್ಸಿನವರಿಗೆ ಸಲಹೆ ಕೊಡುವಾಗ ಕಡಿಮೆ ಮಾಡಿ ಅಂತಷ್ಟೇ ಹೇಳಿತು, ಸಂಖ್ಯೆ ಕೊಡಲಿಲ್ಲ.

ಹಾಗಾದರೆ ನಿಮ್ಮ ಮಗನಿಗೆ ಎಷ್ಟು? ನನ್ನ ಉತ್ತರ ಆ ಹಾಳೆಯಲ್ಲೇ ಇದೆ. ನಿದ್ದೆ ಮತ್ತು ಆಟ ಎರಡನ್ನೂ ಮೊದಲು ಬರೆದು, ಉಳಿದದ್ದನ್ನು ಮೊಬೈಲ್‌ಗೆ ಕೊಡಿ. ಶಾಲೆ ಇರುವ ದಿನ ಅದು ಅರ್ಧದಿಂದ ಮುಕ್ಕಾಲು ಗಂಟೆ ಆಗುತ್ತದೆ. ಶನಿವಾರ, ಆದಿತ್ಯವಾರ ಎರಡು ಗಂಟೆ ಆದರೂ ನಾನು ತಕರಾರು ಮಾಡುವುದಿಲ್ಲ. ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಬರುವ ಹೋಂವರ್ಕ್ ನೋಡುವುದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಆದರೆ ಮಗ ಹೋಂವರ್ಕ್ ಅಂತ ಹೇಳಿ ರೀಲ್ಸ್ ನೋಡುವುದನ್ನು ಕಲಿಯದಂತೆ ಗಮನ ಇರಲಿ.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ನಿದ್ದೆಯಿಂದ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹರೆಯ ಬರುವಾಗ ದೇಹದ ಗಡಿಯಾರವೇ ಸ್ವಲ್ಪ ಹಿಂದೆ ಬೀಳುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ಮೊದಲಿಗಿಂತ ತಡವಾಗಿ ಏರುತ್ತದೆ. ಆದ್ದರಿಂದ ಅವನನ್ನು ರಾತ್ರಿ ಒಂಬತ್ತಕ್ಕೆ ಮಲಗು ಅಂತ ಗದರಿಸಿ ಪ್ರಯೋಜನ ಇಲ್ಲ, ನಿಜವಾಗಿಯೂ ನಿದ್ದೆ ಬರುವುದಿಲ್ಲ. ಆದರೆ ಕಣ್ಣಿನ ಹತ್ತಿರ ಹಿಡಿದ ಬೆಳಕು ಅದನ್ನು ಇನ್ನೂ ತಡ ಮಾಡುತ್ತದೆ. ಬೆಳಕಿಗಿಂತ ಜಾಸ್ತಿ ತೊಂದರೆ ಕೊಡುವುದು ಬಿಡಲಾಗದ ಕುತೂಹಲ. ಗೇಮಿನಲ್ಲಿ ಸೋತ ಮೇಲೆ ಎದೆ ಹೊಡೆದುಕೊಳ್ಳುತ್ತಿರುವ ಹುಡುಗನಿಗೆ ದೀಪ ಆರಿಸಿದ ತಕ್ಷಣ ನಿದ್ದೆ ಹೇಗೆ ಬರಬೇಕು? 9ಕ್ಕೆ ಮೊಬೈಲ್ ಮನೆಯ ಹಾಲ್‌ಗೆ ಬರಲಿ, ಅಲ್ಲೇ ಚಾರ್ಜಿಗೆ ಹಾಕಿ. 10ರ ಒಳಗೆ ದೀಪ ಆರಲಿ. ಆಗ ಬೆಳಿಗ್ಗೆ 6.15ರವರೆಗೆ ಎಂಟೂಕಾಲು ಗಂಟೆ ಸಿಗುತ್ತದೆ. ಅವನಿಗೆ ಎಬ್ಬಿಸಲು ಅಲಾರಂ ಬೇಕಾದರೆ ಒಂದು ಸಣ್ಣ ಟೈಂಪೀಸ್ ತಂದುಕೊಡಿ. ಮೊಬೈಲ್ ತಲೆದಿಂಬಿನ ಹತ್ತಿರ ಇರಲು ಎಲ್ಲ ಮಕ್ಕಳು ಹೇಳುವ ಕಾರಣ ಅಲಾರಮ್ಮೇ.

ಹಾಲ್‌ನ ಚಾರ್ಜರ್ ಹತ್ತಿರ ನಿಮ್ಮ ಮೊಬೈಲ್ ಕೂಡ ಇರಬೇಕು. ಇಲ್ಲದಿದ್ದರೆ ಈ ನಿಯಮ ನಾಲ್ಕು ದಿನ ನಿಲ್ಲುವುದಿಲ್ಲ.

ಇಲ್ಲಿ ನಿಮ್ಮ ಯಜಮಾನರ ವಿಷಯ ಬರುತ್ತದೆ. ನಮ್ಮೂರಲ್ಲಿ ಗಲ್ಫಿನ ಮನೆಗಳು ಎಷ್ಟಿಲ್ಲ! ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅವರು ಕೆಲಸ ಮುಗಿಸಿ ರೂಮಿಗೆ ಬಂದು ಎಂಟೂವರೆಗೆ ಕಾಲ್ ಮಾಡಿದರೆ ಇಲ್ಲಿ ಹತ್ತು ಗಂಟೆ. ಮಕ್ಕಳು ಅಪ್ಪನಿಗಾಗಿ ಎಚ್ಚರ ಇರುತ್ತಾರೆ, ಅಪ್ಪ ಇಟ್ಟ ಮೇಲೆ ಮೊಬೈಲ್ ಕೈಯಲ್ಲೇ ಉಳಿಯುತ್ತದೆ. ನಿಮ್ಮಲ್ಲಿ ಹೀಗೇ ಆಗುತ್ತಿದೆಯೋ ಗೊತ್ತಿಲ್ಲ, ಆದರೆ ನನ್ನ ಹತ್ತಿರ ಬರುವ ಎಷ್ಟೋ ಮನೆಗಳಲ್ಲಿ ಆಗುತ್ತದೆ. ಆ ಕಾಲ್ ನಿಲ್ಲಿಸಿ ಅಂತ ನಾನು ಹೇಳುವುದೇ ಇಲ್ಲ. ಅಪ್ಪನ ಮುಖ ನೋಡುವುದು ಸ್ಕ್ರೀನ್ ಟೈಮ್ ಅಲ್ಲ, ಅದು ಅಪ್ಪನ ಜೊತೆಗಿನ ಹೊತ್ತು. ಸಾಧ್ಯವಾದರೆ ಶಾಲೆ ಇರುವ ದಿನ ಅವರು ಅಲ್ಲಿನ ಬೆಳಿಗ್ಗೆ ಐದೂವರೆಗೆ, ಅಂದರೆ ಇಲ್ಲಿ ಏಳಕ್ಕೆ, ಹತ್ತು ನಿಮಿಷ ಮಾತಾಡಲಿ. ಉದ್ದದ ಮಾತು ರಜೆಯ ದಿನ ಆಗಲಿ. ಕಾಲ್ ನಿಮ್ಮ ಮೊಬೈಲಿಗೆ ಬರಲಿ, ಮುಗಿದ ಮೇಲೆ ನಿಮ್ಮ ಕೈಗೇ ವಾಪಸ್ ಬರಲಿ. ಈ ಹೊಸ ವ್ಯವಸ್ಥೆಯನ್ನು ಮಗನಿಗೆ ಅವರೇ ಹೇಳಿದರೆ ಇನ್ನೂ ಒಳ್ಳೆಯದು. ದೂರ ಇರುವ ಅಪ್ಪಂದಿರಿಗೆ ಮನೆಯ ನಿರ್ಧಾರದಲ್ಲಿ ಪಾಲು ಬೇಕು ಅಂತ ಆಸೆ ಇರುತ್ತದೆ.

ಆದಿತ್ಯವಾರದ ಆಟ ಸಾಕಾ? ಪೂರ್ತಿ ಸಾಕಾಗುವುದಿಲ್ಲ, ಆದರೆ ಅದು ನೀವು ಅಂದುಕೊಂಡದ್ದಕ್ಕಿಂತ ದೊಡ್ಡ ಬಂಡವಾಳ. ಹಿಂದೆ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಪ್ರತಿದಿನ ಕನಿಷ್ಠ 60 ನಿಮಿಷ ಚುರುಕಾದ ಚಟುವಟಿಕೆ ಬೇಕು ಅನ್ನುತ್ತಿತ್ತು. 2020ರಲ್ಲಿ ಅದನ್ನು ವಾರದ ಸರಾಸರಿ ದಿನಕ್ಕೆ 60 ನಿಮಿಷ ಅಂತ ಬದಲಿಸಿತು. ಒಂದು ದಿನ ತಪ್ಪಿದರೆ ಇನ್ನೊಂದು ದಿನ ಸರಿದೂಗಿಸಬಹುದು. ಹಾಗಾಗಿ ವಾರಕ್ಕೆ 420 ನಿಮಿಷ. ಮೂರು ಗಂಟೆ ಕ್ರಿಕೆಟ್ ಅಂದರೆ 180 ನಿಮಿಷ. ಆದರೆ ಅದರಲ್ಲಿ ಬ್ಯಾಟಿಂಗ್ ಸರದಿಗೆ ಕಾಯುತ್ತಾ ಕೂತದ್ದು, ಬೌಂಡರಿ ಹತ್ತಿರ ಸುಮ್ನೆ ನಿಂತದ್ದು ಎಲ್ಲ ಇರುತ್ತದೆ. ನಾನಾದರೆ ಅರ್ಧ ಹಿಡಿಯುತ್ತೇನೆ, 90 ನಿಮಿಷ. ಶಾಲೆಯ ಪಿಟಿ ಪೀರಿಯಡ್ ಎರಡಿದ್ದರೆ ಅದರಲ್ಲಿ 50 ನಿಮಿಷ ಓಡುತ್ತಾನೆ ಅಂತ ಇಟ್ಟುಕೊಳ್ಳಿ. ಇನ್ನು ಬೇಕಾದ್ದು 280. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಮುಕ್ಕಾಲು ಗಂಟೆಯ ಆಸುಪಾಸು. ಇದು ಹೆದರುವ ಸಂಖ್ಯೆ ಅಲ್ಲ.

ಈ ಕೊರತೆ ನಿಮ್ಮ ಮನೆಯಲ್ಲಿ ಮಾತ್ರ ಇರುವುದೂ ಅಲ್ಲ. 2016ರ ಅಂಕಿಅಂಶದ ಪ್ರಕಾರ ಪ್ರಪಂಚದಲ್ಲಿ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ಬೇಕಾದಷ್ಟು ಚಟುವಟಿಕೆ ಇಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಈ ಎರಡನೆಯ ಸಂಖ್ಯೆ ನನಗೆ ಸಂಕಟ ಕೊಡುತ್ತದೆ. ಐದನೇ ಕ್ಲಾಸಿನವರೆಗೆ ಹುಡುಗರ ಸಮಕ್ಕೆ ಓಡುವ ಹುಡುಗಿ ಮುಟ್ಟು ಶುರುವಾದ ಮೇಲೆ ಮೈದಾನದಿಂದ ಮಾಯ ಆಗುತ್ತಾಳೆ. ಯಾರೂ ಬೇಡ ಅಂದಿರುವುದಿಲ್ಲ, ಯಾರೂ ಬಾ ಅಂದೂ ಇರುವುದಿಲ್ಲ. ಮೂಳೆ ಗಟ್ಟಿಯಾಗುವ ವರ್ಷಗಳು ಅವೇ. ನಿಮ್ಮ ಮಗಳಿಗೆ ಈಗ ನಾಲ್ಕು ವರ್ಷ. ಆದರೂ ಈ ಮಾತು ನಿಮ್ಮ ನೆನಪಿನಲ್ಲಿ ಇರಲಿ.

ಚುರುಕಾದ ಚಟುವಟಿಕೆ ಅಂದರೇನು ಅಂತ ತಿಳಿಯಲು ಬೆವರು ಬಂತಾ ಅಂತ ನೋಡಿ ಅಂತ ಹೊರಗಿನ ಪುಸ್ತಕಗಳಲ್ಲಿ ಬರೆದಿರುತ್ತದೆ. ನಮ್ಮ ಕರಾವಳಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಫ್ಯಾನಿನ ಕೆಳಗೆ ಕೂತರೂ ಬೆವರು ಇಳಿಯುತ್ತದೆ. ಇಲ್ಲಿ ಉಸಿರು ನೋಡಬೇಕು. ಮಾತಾಡಲು ಆಗುತ್ತದೆ ಆದರೆ ಪದ್ಯ ಹೇಳಲು ಆಗುವುದಿಲ್ಲ ಅನ್ನುವಷ್ಟು ಉಸಿರು ಏರಿದರೆ ಅದು ಮಧ್ಯಮ. ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಅದು ಜೋರಿನದು. ವಾರಕ್ಕೆ ಮೂರು ದಿನವಾದರೂ ಜೋರಿನದು ಬೇಕು. ಜೊತೆಗೆ ಸ್ನಾಯು, ಮೂಳೆಗೆ ಕೆಲಸ ಕೊಡುವಂಥದ್ದೂ ಬೇಕು, ಅಂದರೆ ಜಿಗಿಯುವುದು, ಹತ್ತುವುದು, ಜೋತಾಡುವುದು. ಲಗೋರಿಯಲ್ಲಿ, ಕಬಡ್ಡಿಯಲ್ಲಿ, ಕುಂಟೆಬಿಲ್ಲೆಯಲ್ಲಿ ಇದೆಲ್ಲ ತಾನಾಗಿಯೇ ಸೇರಿದೆ. ಜಿಮ್ಮಿಗೆ ಸೇರಿಸಬೇಕಾ ಅಂತ ಕೇಳುವ ತಂದೆತಾಯಿಗೆ ನಾನು ಸಾಮಾನ್ಯವಾಗಿ ಬೇಡ ಅನ್ನುತ್ತೇನೆ, ಈ ವಯಸ್ಸಿಗೆ ಗೆಳೆಯರ ಜೊತೆ ಆಡುವ ಆಟ ಜಾಸ್ತಿ ದಿನ ಉಳಿಯುತ್ತದೆ.

ಆಟ ಅಂದ ತಕ್ಷಣ ಬ್ಯಾಟು ಚೆಂಡು ಮಾತ್ರ ನೆನಪಾಗಬೇಕಿಲ್ಲ. ಉಡುಪಿಯ ಅನೇಕ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಾರೆ, ಹುಡುಗಿಯರೂ ಕಲಿಯುತ್ತಾರೆ. ತಾಳಕ್ಕೆ ಸರಿಯಾಗಿ ಅರ್ಧ ಗಂಟೆ ಹೆಜ್ಜೆ ಹಾಕಿ, ಮಂಡಿ ಹಾಕಿ, ಧಿಂಗಣ ಕುಣಿದವನ ಉಸಿರು ನೋಡಿ, ಆಮೇಲೆ ಅದು ವ್ಯಾಯಾಮ ಹೌದೋ ಅಲ್ಲವೋ ಹೇಳಿ. ಅಷ್ಟಮಿ ಹತ್ತಿರ ಬಂದಾಗ ತಾಸೆಯ ಪೆಟ್ಟು ಕೇಳಿದರೆ ಸಾಕು, ಗಲ್ಲಿಗಲ್ಲಿಯ ಮಕ್ಕಳು ಹುಲಿ ಹೆಜ್ಜೆ ಹಾಕುತ್ತಾರೆ. ಮಂಗಳೂರಿನ ಮಕ್ಕಳಿಗೆ ಇದೇ ಹುಚ್ಚು ನವರಾತ್ರಿಯಲ್ಲಿ. ಕ್ರಿಕೆಟ್ ಬೇಡ ಅನ್ನುವ ಮಗುವಿಗೆ ಕುಣಿತ ಹಿಡಿಸಬಹುದು. ಸೈಕಲ್ ಹಿಡಿಸಬಹುದು. ನಿಮ್ಮ ಮಗನಿಗೆ ಕ್ರಿಕೆಟ್ ಇಷ್ಟ ಇದೆ, ಆದ್ದರಿಂದ ಅದನ್ನೇ ವಾರದ ಮಧ್ಯಕ್ಕೆ ತನ್ನಿ. ಫ್ಲ್ಯಾಟಿನ ಕಂಪೌಂಡಿನಲ್ಲಿ ನಾಲ್ಕು ಮಕ್ಕಳಿದ್ದರೂ ಸಾಕು. ಆ ನಾಲ್ವರ ಅಮ್ಮಂದಿರು ಸೇರಿ ಮಂಗಳವಾರ, ಗುರುವಾರ 5ರಿಂದ 6 ಆಟ ಅಂತ ಒಂದು ಮಾತಿಗೆ ಬಂದರೆ ಮಕ್ಕಳು ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗುತ್ತಾರೆ. ಇದನ್ನು ಮಾಡಿಕೊಂಡ ಮನೆಗಳಲ್ಲಿ ಆಟ ಉಳಿದಿದೆ. ಒಂಟಿ ಮಗುವನ್ನು ಹೋಗಿ ಆಡು ಅಂತ ದೂಡಿದ ಮನೆಗಳಲ್ಲಿ ಉಳಿದಿಲ್ಲ.

ಮಳೆ ದೊಡ್ಡ ಕಷ್ಟ, ಒಪ್ಪುತ್ತೇನೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಊರು ನಮ್ಮದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಜೋರು ಮಳೆಗೆ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳ ಮೊಬೈಲ್ ನೋಡುವ ಹೊತ್ತು ಎಲ್ಲಿಗೆ ಹೋಗುತ್ತದೆ ಅಂತ ನಿಮಗೇ ಗೊತ್ತು. ಆದರೆ ದಿನವಿಡೀ ಒಂದೇ ಸಮ ಸುರಿಯುವ ದಿನ ಮಳೆಗಾಲದಲ್ಲೂ ಕೆಲವೇ. ನಡುವೆ ಹೊಳವಾಗುತ್ತದೆ, ಒಂದು ಗಂಟೆ ಬಿಡುತ್ತದೆ. ಆ ಗಂಟೆಯನ್ನು ಹಿಡಿಯಬೇಕು. ಹನಿ ಮಳೆಯಲ್ಲಿ ನೆನೆದರೆ ನೆಗಡಿ ಬರುತ್ತದೆ ಅನ್ನುವ ಭಯ ಬಿಡಿ. ನೆಗಡಿ ತರುವುದು ವೈರಸ್, ಅದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಗುಂಪು ಸೇರಿದಾಗಲೇ ಜಾಸ್ತಿ ಹರಡುತ್ತದೆ. ಬಂದ ಮೇಲೆ ತಲೆ ಒರೆಸಿ ಒಣ ಬಟ್ಟೆ ಹಾಕಿಸಿ, ಅಷ್ಟೇ. ಸಿಡಿಲು ಇರುವಾಗ ಮಾತ್ರ ಮೈದಾನ ಬೇಡ. ಮಳೆಗಾಲದಲ್ಲಿ ಮಲ್ಪೆಯ ನೀರಿಗೆ, ತುಂಬಿದ ಹೊಳೆಗೆ, ತೋಡಿಗೆ ಇಳಿಯುವುದು ಬೇಡವೇ ಬೇಡ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಊರೂರಲ್ಲಿ ಕೆಸರುಗದ್ದೆಯ ಆಟ ಇರುತ್ತದೆ, ಒಮ್ಮೆ ಇಬ್ಬರನ್ನೂ ಕರೆದುಕೊಂಡು ಹೋಗಿ. ಕೆಸರಿನಲ್ಲಿ ಹತ್ತು ನಿಮಿಷ ಓಡಿದರೆ ಕಾಲಿಗೆ ಗಟ್ಟಿ ನೆಲದ ಅರ್ಧ ಗಂಟೆಯಷ್ಟು ಕೆಲಸ ಆದ ಹಾಗೆ ಅನಿಸುತ್ತದೆ.

ಹೊರಗೆ ಹೋಗಲು ಆಗದ ದಿನಕ್ಕೆ ಫ್ಲ್ಯಾಟಿನ ಕೆಳಗಿನ ಪಾರ್ಕಿಂಗ್ ಇದೆ. ಕಾರುಗಳು ಹೊರಗೆ ಹೋದ ಹೊತ್ತು ನೋಡಿ ಸ್ಕಿಪ್ಪಿಂಗ್ ಹಗ್ಗ ಕೊಡಿ, ಶಟಲ್ ಬ್ಯಾಟ್ ಕೊಡಿ. ಹಗ್ಗ ಜಿಗಿಯುವುದು ಐದು ನಿಮಿಷದಲ್ಲೇ ಉಸಿರು ಏರಿಸುತ್ತದೆ, ಮೂಳೆಗೂ ಒಳ್ಳೆಯದು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದು ಮನೆಯ ನಿಯಮ ಆಗಲಿ. ಇನ್ನು ಚೆನ್ನೆಮಣೆ ಇದೆ. ಆಟಿಯ ಮಳೆಯಲ್ಲಿ ನಮ್ಮ ಅಜ್ಜಿಯಂದಿರು ಆಡುತ್ತಿದ್ದದ್ದು ಅದನ್ನೇ. ಅದೂ ಕೂತೇ ಆಡುವ ಆಟ, ದೇಹಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಆದರೆ ಎದುರಿಗೆ ಒಂದು ಮುಖ ಇರುತ್ತದೆ, ಮಾತು ಇರುತ್ತದೆ, ಆಟಕ್ಕೆ ಕೊನೆ ಇರುತ್ತದೆ. ರೀಲ್ಸಿನಲ್ಲಿ ಈ ಮೂರೂ ಇಲ್ಲ.

ಕಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ವರ್ಷದಲ್ಲಿ ಮುಕ್ಕಾಲು ಪವರ್ ಏರಿರುವುದು ವೇಗ ಜಾಸ್ತಿ. ದೂರ ಕಾಣದ ಈ ದೋಷದಲ್ಲಿ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುತ್ತಾ ಹೋಗುತ್ತದೆ. ಹಗಲಿನ ಬೆಳಕು ಕಣ್ಣಿನ ಒಳಪರದೆ ರೆಟಿನಾದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕವನ್ನು ಹೆಚ್ಚಿಸುತ್ತದೆ, ಅದು ಈ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಅಂತ ತಜ್ಞರು ತಿಳಿಯುತ್ತಾರೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು, ಫಲಿತಾಂಶ 2015ರಲ್ಲಿ ಬಂತು. ಆರು ಶಾಲೆಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ಪ್ರತಿ ಶಾಲಾದಿನ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟರು. ಮೂರು ವರ್ಷದ ಕೊನೆಗೆ ಆ ಶಾಲೆಗಳಲ್ಲಿ ಶೇಕಡ 30.4 ಮಕ್ಕಳಿಗೆ ದೃಷ್ಟಿದೋಷ ಬಂದಿತ್ತು, ಉಳಿದ ಶಾಲೆಗಳಲ್ಲಿ ಶೇಕಡ 39.5. ಮೋಡ ಮುಚ್ಚಿದ ಹಗಲಿನಲ್ಲೂ ಹೊರಗಿನ ಬೆಳಕು ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ನಮ್ಮ ಮಳೆಗಾಲದ ಸಂಜೆಯೂ ಲೆಕ್ಕಕ್ಕೆ ಬರುತ್ತದೆ.

ಆದರೆ ಒಂದು ಮಾತು. ಹೊರಗಿನ ಬೆಳಕು ದೋಷ ಬರದಂತೆ ತಡೆಯುವಷ್ಟು ಚೆನ್ನಾಗಿ, ಬಂದ ದೋಷ ಏರದಂತೆ ತಡೆಯುವುದಿಲ್ಲ. ಆದ್ದರಿಂದ ಇದರ ಹೆಚ್ಚು ಲಾಭ ನಿಮ್ಮ ನಾಲ್ಕು ವರ್ಷದ ಮಗಳಿಗೆ. ಮಗನಿಗೂ ಹೊರಗೆ ಹೋಗುವುದು ಬೇಕೇ ಬೇಕು, ಆದರೆ ಅದನ್ನೇ ನಂಬಿ ಕೂರಬೇಡಿ. ಕಣ್ಣಿನ ಡಾಕ್ಟರಿಗೆ ಇಷ್ಟು ವೇಗವಾಗಿ ಏರಿದೆ ಅಂತ ಹಳೆಯ ಚೀಟಿ ತೋರಿಸಿ ಹೇಳಿ. ಪವರ್ ಏರುವ ವೇಗ ತಗ್ಗಿಸುವ ಹನಿಮದ್ದು, ಬೇರೆ ಬಗೆಯ ಲೆನ್ಸ್ ಈಗ ಇವೆ. ಅವನಿಗೆ ಬೇಕೋ ಬೇಡವೋ ಅವರು ನೋಡಿ ಹೇಳುತ್ತಾರೆ. ಅಣ್ಣನಿಗೆ ಕನ್ನಡಕ ಇರುವುದರಿಂದ ತಂಗಿಯ ಕಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಮೊಬೈಲ್ ಹಿಡಿದಾಗ ಮೊಣಕೈಯಿಂದ ಬೆರಳಿನವರೆಗಿನ ದೂರ ಇರಲಿ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಯ ವಸ್ತುವನ್ನು 20 ಸೆಕೆಂಡ್ ನೋಡುವ ಅಭ್ಯಾಸದಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆ.

ಮಗಳ ಊಟ. ಮೊಬೈಲ್ ನೋಡುತ್ತಾ ತಿನ್ನುವ ಮಗುವಿಗೆ ಬಾಯಿಗೆ ಏನು ಬಂತು, ಹೊಟ್ಟೆ ಯಾವಾಗ ತುಂಬಿತು ಎರಡೂ ತಿಳಿಯುವುದಿಲ್ಲ. ಕೆಲವು ಮಕ್ಕಳು ಜಾಸ್ತಿ ತಿಂದು ದಪ್ಪ ಆಗುತ್ತಾರೆ, ಕೆಲವರು ತುತ್ತನ್ನು ದವಡೆಯಲ್ಲಿ ಇಟ್ಟುಕೊಂಡು ಗಂಟೆ ಕಳೆಯುತ್ತಾರೆ. ಈ ಅಭ್ಯಾಸವನ್ನು ಸ್ವಲ್ಪ ಸ್ವಲ್ಪ ಬಿಡಿಸಲು ಹೋದರೆ ದಿನಾ ಚೌಕಾಸಿ ಆಗುತ್ತದೆ. ಒಂದು ಶನಿವಾರ ನೋಡಿ ಒಮ್ಮೆಗೇ ನಿಲ್ಲಿಸಿ. ಊಟಕ್ಕೆ ಎರಡು ಗಂಟೆ ಮೊದಲು ಬಿಸ್ಕತ್ತು, ಹಾಲು ಕೊಡಬೇಡಿ. ನೀವು ಮೂವರೂ ಒಟ್ಟಿಗೆ ಕೂರಿ. ಅವಳ ಬಟ್ಟಲಿಗೆ ಸ್ವಲ್ಪವೇ ಬಡಿಸಿ, ಅವಳ ಕೈಯಲ್ಲೇ ತಿನ್ನಲಿ, ನೆಲ ಗಲೀಜಾದರೆ ಆಗಲಿ. ನೀರುದೋಸೆಯನ್ನು ಹರಿದು ಬಾಯಿಗೆ ಹಾಕಿಕೊಳ್ಳುವುದು ನಾಲ್ಕು ವರ್ಷದವಳಿಗೆ ಚೆನ್ನಾಗಿಯೇ ಬರುತ್ತದೆ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಡಿ, ಬೈಯಬೇಡಿ. ಅಳುತ್ತಾಳೆ. ಎರಡು ದಿನ ಕಡಿಮೆ ತಿನ್ನುತ್ತಾಳೆ. ಆರೋಗ್ಯವಾಗಿರುವ ಮಗು ಎದುರಿಗೆ ಅನ್ನ ಇಟ್ಟುಕೊಂಡು ಉಪವಾಸ ಬೀಳುವುದಿಲ್ಲ, ಒಂದು ವಾರದಲ್ಲಿ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ತೂಕ ತೀರಾ ಕಡಿಮೆ ಇದ್ದರೆ ಮಾತ್ರ ಇದನ್ನು ಶುರು ಮಾಡುವ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ. ನಾಲ್ಕು ವರ್ಷದ ಮಗುವಿಗೆ ದಿನದಲ್ಲಿ ಒಟ್ಟು ಮೂರು ಗಂಟೆ ಓಡಾಟ ಬೇಕು, ಅದರಲ್ಲಿ ಒಂದು ಗಂಟೆ ಚುರುಕಾದದ್ದು, ನಿದ್ದೆ 10ರಿಂದ 13 ಗಂಟೆ. ಓಡಾಡಿದ ಮಗುವಿಗೆ ಹಸಿವೂ ಆಗುತ್ತದೆ, ನಿದ್ದೆಯೂ ಬರುತ್ತದೆ.

ಮಗನ ಜೊತೆ ಮಾತಾಡುವಾಗ ಆ ಹಾಳೆಯನ್ನು ಅವನ ಕೈಯಲ್ಲೇ ಬರೆಸಿ. 13 ವರ್ಷದ ಹುಡುಗನಿಗೆ ಲೆಕ್ಕ ಅರ್ಥ ಆಗುತ್ತದೆ, ಕೂಗಾಟ ಅರ್ಥ ಆಗುವುದಿಲ್ಲ. ಟ್ಯೂಷನ್ ವಿಷಯದಲ್ಲಿ ನೀವು ಏನು ಬಿಟ್ಟುಕೊಡುತ್ತೀರಿ ಅಂತ ಮೊದಲು ಹೇಳಿ, ಆಮೇಲೆ ಅವನು ಏನು ಬಿಡುತ್ತಾನೆ ಅಂತ ಕೇಳಿ. ಗೇಮ್ ಆಡುವವನಿಗೆ ಗಡಿಯಾರದ ಮಿತಿಗಿಂತ ಆಟದ ಮಿತಿ ಒಳ್ಳೆಯದು. ಮ್ಯಾಚಿನ ಮಧ್ಯೆ ಕಿತ್ತುಕೊಂಡರೆ ಅವನು ಗೆಳೆಯರಿಗೆ ಕೈಕೊಟ್ಟ ಹಾಗೆ ಆಗುತ್ತದೆ, ಸಿಟ್ಟು ಬರುವುದು ಅದಕ್ಕೇ. ಎರಡು ಮ್ಯಾಚ್ ಅಂತ ಮಾತಾದರೆ ಎರಡಕ್ಕೆ ನಿಲ್ಲಿಸಬಹುದು. ರೀಲ್ಸಿಗೆ ಇಂಥ ಕೊನೆ ಇಲ್ಲ, ಒಂದರ ಬಾಲಕ್ಕೆ ಇನ್ನೊಂದು ಅಂಟಿರುತ್ತದೆ. ಅದಕ್ಕೆ ಮೊಬೈಲಿನ ಸೆಟ್ಟಿಂಗ್ಸಿನಲ್ಲೇ ಸಮಯದ ಮಿತಿ ಹಾಕಿ, ಅವನ ಎದುರಿಗೇ ಹಾಕಿ. ಕದ್ದು ಪಾಸ್‌ವರ್ಡ್ ಹಾಕಬೇಡಿ.

ಇಷ್ಟೆಲ್ಲ ಹೇಳಿದರೂ ಮೊಬೈಲನ್ನು ವಿಷ ಅಂತ ನಾನು ಕರೆಯುವುದಿಲ್ಲ. 2019ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ನೋಡಿದರು. ಮಕ್ಕಳ ಮನಸ್ಸಿನ ನೆಮ್ಮದಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಮೊಬೈಲ್, ಕಂಪ್ಯೂಟರ್ ಬಳಕೆಗೆ ಸಂಬಂಧಿಸಿದ್ದು ಹೆಚ್ಚೆಂದರೆ ಶೇಕಡ 0.4 ಅಂತ ಕಂಡಿತು. ಹಾಗಾಗಿ ಮಗನ ಬದುಕೇ ಹಾಳಾಯಿತು ಅಂತ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆ ಸಂಖ್ಯೆ ಎಲ್ಲ ಮಕ್ಕಳ ಸರಾಸರಿ, ನಿಮ್ಮ ಮಗನ ಆರೂಮುಕ್ಕಾಲು ಗಂಟೆಯ ನಿದ್ದೆ ನಿಮ್ಮ ಮನೆಯದು. ನಾನು ಸರಿ ಮಾಡಿ ಅನ್ನುತ್ತಿರುವುದು ಅದನ್ನು.

ಕೆಲವು ಮಕ್ಕಳ ಕಥೆ ಬೇರೆ. ಗೇಮ್ ನಿಲ್ಲಿಸಲು ಆಗುವುದೇ ಇಲ್ಲ, ಊಟ ಶಾಲೆ ಗೆಳೆಯರು ಎಲ್ಲಕ್ಕಿಂತ ಗೇಮೇ ಮೊದಲು, ನಷ್ಟ ಆಗುತ್ತಿದ್ದರೂ ಮುಂದುವರಿಸುತ್ತಾರೆ. ಇದು ಸಾಮಾನ್ಯವಾಗಿ ಒಂದು ವರ್ಷ ಹೀಗೇ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆ ಅಂತಲೇ ಪಟ್ಟಿಗೆ ಸೇರಿಸಿದೆ. ನಿಮ್ಮ ಮಗ ಆದಿತ್ಯವಾರ ತಾನಾಗಿ ಎದ್ದು ಮೂರು ಗಂಟೆ ಕ್ರಿಕೆಟ್ಟಿಗೆ ಹೋಗುತ್ತಾನೆ, ಹೋಂವರ್ಕ್ ಮಾಡುತ್ತಾನೆ. ನೀವು ಬರೆದದ್ದರಲ್ಲಿ ಆ ಲಕ್ಷಣ ನನಗೆ ಕಾಣುತ್ತಿಲ್ಲ. ಮುಂದೆ ಶಾಲೆಗೆ ಹೋಗುವುದಿಲ್ಲ ಅನ್ನಲು ಶುರು ಮಾಡಿದರೆ, ಗೆಳೆಯರನ್ನೇ ಬಿಟ್ಟರೆ, ಮೊಬೈಲ್ ತೆಗೆದಾಗ ಕೈ ಎತ್ತಿದರೆ, ಸಾಯುವ ಮಾತಾಡಿದರೆ ಕಾಯಬೇಡಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಗೇಮ್ ಗೀಳಿಗೇ ಒಂದು ಕ್ಲಿನಿಕ್ ಇದೆ.

ಮೊದಲ ವಾರ ಮಗ ರಾತ್ರಿ ಹತ್ತಕ್ಕೆ ಮಲಗಿ ಚಾವಣಿ ನೋಡುತ್ತಾ ಇರುತ್ತಾನೆ. ಎರಡನೇ ವಾರದಿಂದ ಬೇಗ ನಿದ್ದೆ ಹಿಡಿಯುತ್ತದೆ. ಎರಡು ತಿಂಗಳು ಬಿಟ್ಟು ನನಗೆ ಮತ್ತೆ ಬರೆಯಿರಿ. ಆಗ ಎಷ್ಟು ಹೊತ್ತು ಮೊಬೈಲ್ ನೋಡಿದ ಅಂತ ಬರೆಯಬೇಡಿ, ಎಷ್ಟು ಗಂಟೆಗೆ ಮಲಗಿದ, ವಾರದಲ್ಲಿ ಎಷ್ಟು ಸಂಜೆ ಆಡಿ ಬಂದ ಅಂತ ಬರೆಯಿರಿ.